ಕೋವಿ ಮತ್ತು ಕಾವಲು

ಚುನಾವಣೆ ಹತ್ತಿರ ಬಂತೆಂದರೆ, ಲೈಸೆನ್ಸು ಪಡೆದು ಕೋವಿ ಇಟ್ಟುಕೊಂಡವರು ಅದನ್ನು ತಂದು ಪೊಲೀಸು ಠಾಣೆಗೆ ಒಪ್ಪಿಸಬೇಕೆಂದು ಜಿಲ್ಲೆಯ ಅಧಿಕಾರಿಗಳು ಆಜ್ಞೆ ಹೊರಡಿಸುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಒಪ್ಪಿಸಿದವನಿಗೆ ಒಂದು ರಸೀತಿ ಸಿಕ್ಕುತ್ತದೆ. ಮತ ಎಣಿಕೆ ಮುಗಿದು ಊರು ತಣ್ಣಗಾದ ಮೇಲೆ ಆ ರಸೀತಿ ತೋರಿಸಿ ಕೋವಿಯನ್ನು ಮನೆಗೆ ತರಬೇಕು. ಪೇಟೆಯಲ್ಲಿರುವ ನಮಗೆ ಇದೊಂದು ಸಣ್ಣ ಸುದ್ದಿ. ಪತ್ರಿಕೆಯ ಒಳಪುಟದ ನಾಲ್ಕು ಸಾಲು. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಆ ನಾಲ್ಕು ಸಾಲಿನಲ್ಲಿ ಒಂದು ದೊಡ್ಡ ಪ್ರಶ್ನೆಯೇ ಅಡಗಿರುವುದು ಕಾಣುತ್ತದೆ. ಮನೆಯ ಎತ್ತನ್ನಾಗಲಿ ನೇಗಿಲನ್ನಾಗಲಿ ಹೀಗೆ ತಂದೊಪ್ಪಿಸೆಂದು ಯಾವ ಸರ್ಕಾರವೂ ಕೇಳುವುದಿಲ್ಲ. ಕೋವಿಯನ್ನು ಕೇಳುತ್ತದೆ, ಗೊಣಗಿಕೊಂಡಾದರೂ ಜನ ಕೊಡುತ್ತಾರೆ. ಹಣ ಕೊಟ್ಟು ಕೊಂಡ ವಸ್ತುವಾದರೂ ಅದು ಪೂರಾ ನಮ್ಮದಲ್ಲವೆಂಬ ತಿಳಿವಳಿಕೆ ಕೊಡುವವನಿಗೂ ಇದೆ, ಕೇಳುವವನಿಗೂ ಇದೆ.

ಹಾಗಾದರೆ ಅದು ಯಾರದು? ಕೊಲ್ಲುವ ಸಾಧನವೊಂದನ್ನು ಮನೆಯಲ್ಲಿಟ್ಟುಕೊಳ್ಳುವುದು ಮನುಷ್ಯನ ಹಕ್ಕೆ, ಸರ್ಕಾರದ ಕೃಪೆಯೆ, ಅಥವಾ ಇವೆರಡೂ ಅಲ್ಲದ ಬೇರೆಯೇ ಒಂದು ಸಂಬಂಧವೆ? ಅಮೆರಿಕದಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ. ಅಲ್ಲಿ ೧೭೯೧ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿಯನ್ನು ಹಿಡಿದು, ಆಯುಧವನ್ನಿಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ೨೦೦೮ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಆಸ್ಟ್ರೇಲಿಯ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ೧೯೯೬ರಲ್ಲಿ ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬನೇ ಮನುಷ್ಯ ೩೫ ಮಂದಿಯನ್ನು ಕೊಂದ ಮೇಲೆ ಅಲ್ಲಿನ ಸರ್ಕಾರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಜನರಿಂದ ಹಣ ಕೊಟ್ಟು ಹಿಂದಕ್ಕೆ ಪಡೆಯಿತು. ನಮ್ಮ ಓದುಗರಲ್ಲಿ ಬಹು ಮಂದಿ ಇದನ್ನೆಲ್ಲ ದೂರದ ಸುದ್ದಿಯಾಗಿ ಓದಿ, ಸದ್ಯ ನಮಗೆ ಆ ತಾಪತ್ರಯವಿಲ್ಲವಲ್ಲ ಎಂದು ನಿಟ್ಟುಸಿರು ಬಿಡುವವರು. ತಾಪತ್ರಯ ನಮಗೂ ಉಂಟು. ಅದು ಪೇಟೆಯಲ್ಲಿಲ್ಲ, ಕಾಡಂಚಿನಲ್ಲಿದೆ. ಅದನ್ನು ನೋಡಬೇಕಾದರೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಡೆಗೆ ಬರಬೇಕು.

ಈ ಮೂರು ತಾಲ್ಲೂಕುಗಳು ಇಂದು ಚಾಮರಾಜನಗರ ಜಿಲ್ಲೆಯಲ್ಲಿ ಒಟ್ಟಿಗಿದ್ದರೂ ಇವುಗಳ ಇತಿಹಾಸ ಒಂದಲ್ಲ. ಕೊಳ್ಳೇಗಾಲ ೧೯೫೬ರ ನವೆಂಬರ್ ೧ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿ ನಡೆಯುತ್ತಿದ್ದುದು ಬ್ರಿಟಿಷರ ಕಾಯಿದೆ. ಅದಕ್ಕೆ ಕೆಲವೇ ಮೈಲಿ ದೂರದ ಯಳಂದೂರು ೧೮೦೭ರಿಂದ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿ ಮೈಸೂರು ಸಂಸ್ಥಾನದೊಳಗಿತ್ತು. ಕೊಳ್ಳೇಗಾಲದ ಹೋಬಳಿಯಾಗಿದ್ದ ಹನೂರು ತಾನೇ ತಾಲ್ಲೂಕಾದದ್ದು ೨೦೧೮ರಲ್ಲಿ. ಗಡಿಗಳು ಹೀಗೆ ಬದಲಾದರೂ ಬದಲಾಗದ ಒಂದು ಗಡಿಯಿದೆ: ಹೊಲಕ್ಕೂ ಕಾಡಿಗೂ ನಡುವಿನದು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆ, ಉತ್ತರಕ್ಕೆ ಕಾವೇರಿಯ ಕಾಡು. ಕಾವೇರಿ ವನ್ಯಧಾಮ ೧೯೮೭ರಲ್ಲಿ ಆಯಿತು. ಬಿಳಿಗಿರಿಯ ಕಾಡು ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಹದೇಶ್ವರ ಬೆಟ್ಟದ ಕಾಡು ೨೦೧೩ರಲ್ಲಿ ವನ್ಯಧಾಮವಾಯಿತು. ಇವುಗಳ ನಡುವೆ ರಾಗಿ, ಮುಸುಕಿನ ಜೋಳ, ಬಾಳೆ, ಕಬ್ಬು ಬೆಳೆದು ಬದುಕುವ ಮನುಷ್ಯನಿದ್ದಾನೆ. ಪೈರು ಹಾಲುಗಾಳಿಗೆ ಬಂದಾಗ ಅದರ ಪರಿಮಳ ಅವನಿಗೆ ತಿಳಿಯುವ ಮೊದಲೇ ಆನೆಗೂ ಹಂದಿಗೂ ತಿಳಿಯುತ್ತದೆ.

ಕಾನೂನು ಈ ಮನುಷ್ಯನನ್ನು ಮರೆತಿಲ್ಲವೆಂಬುದು ಸೋಜಿಗದ ಸಂಗತಿ. ೧೯೫೯ರ ಆಯುಧ ಕಾಯಿದೆಯ ೧೩ನೆಯ ಕಲಮಿನಲ್ಲಿ ಅವನಿಗಾಗಿಯೇ ಒಂದು ಮಾತಿದೆ. ನಿಜವಾಗಿ ಬೆಳೆ ಕಾಯುವುದಕ್ಕಾಗಿ ಕೇಳುವವನಿಗೆ, ನಳಿಗೆಯ ಬಾಯಿಂದ ಮದ್ದು ಗಿಡಿಯುವ ಹಳೆಯ ಬಗೆಯ ಕೋವಿಯನ್ನಿಟ್ಟುಕೊಳ್ಳಲು ಲೈಸೆನ್ಸು ಕೊಡಬಹುದು. ಅಂಥ ಕೋವಿ ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ಅದಕ್ಕಿಂತ ಮೇಲಾದದ್ದನ್ನೂ ಕೊಡಬಹುದು. ಇಡೀ ದೇಶಕ್ಕೆ ಬರೆದ ಕಾಯಿದೆ ಹೊಲದ ಅಟ್ಟಣೆಯ ಮೇಲೆ ಚಳಿಯಲ್ಲಿ ಕೂತವನ ಕಡೆಗೆ ಹೀಗೆ ಒಮ್ಮೆ ತಿರುಗಿ ನೋಡಿದೆ.

ಆದರೆ ಇನ್ನೊಂದು ಕಾನೂನೂ ಇದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಒಳ್ಳೆಯ ಉದ್ದೇಶದಿಂದ ಮಾಡಿದ ಕೊಲೆ ಅಪರಾಧವಲ್ಲವೆಂದು ಅದು ಒಪ್ಪುತ್ತದೆ. ಬೆಳೆ ತಿಂದಿತೆಂಬ ಸಿಟ್ಟಿನಲ್ಲಿ ಆನೆಗೆ ಗುಂಡು ಹೊಡೆದರೆ ಅದು ಅಪರಾಧವೇ. ಅಂತೂ ಒಂದು ಕಾಯಿದೆ ರೈತನ ಕೈಗೆ ಕೋವಿಯನ್ನು ಕೊಟ್ಟರೆ, ಇನ್ನೊಂದು ಅದರ ಮುಂದಿನ ಗುರಿಯನ್ನು ತೆಗೆದುಬಿಟ್ಟಿತು. ಉಳಿದದ್ದು ಸದ್ದು ಮಾತ್ರ. ತಮಟೆಗೂ ಪಟಾಕಿಗೂ ಹೆದರದೆ ನಿಂತ ಪ್ರಾಣಿಯನ್ನು ಗಾಳಿಯಲ್ಲಿ ಹಾರಿಸಿದ ಒಂದು ಗುಂಡಿನ ಸದ್ದಿನಿಂದ ಹಿಂದಕ್ಕಟ್ಟುವುದಕ್ಕೆ ಮಾತ್ರ ಅವನು ಕೋವಿಯನ್ನಿಟ್ಟುಕೊಂಡಿರತಕ್ಕದ್ದು.

ಇದು ಬೇಡವೆಂದು ಪೇಟೆಯಲ್ಲಿ ಕೂತು ಹೇಳುವುದು ಸುಲಭ. ಕಾಡಂಚಿನ ರೈತನೊಬ್ಬ ನಮ್ಮೆದುರು ಕುಳಿತು, “ಮೇಷ್ಟ್ರೇ, ನೀವು ಪ್ಯಾಟೇಲಿ ಬಾಗ್ಲಾಕ್ಕಂಡು ಮಲಗ್ತೀರಿ. ಹೊಲಕ್ಕ ಯಾವ ಬಾಗ್ಲದ? ಕೋವಿ ಸದ್ದೇ ನಮ್ಗ ಬೇಲಿ” ಎಂದರೆ ನಾವು ಏನು ಹೇಳಬೇಕು? ಅವನ ಪರವಾಗಿ ಕಾನೂನಿನಲ್ಲೇ ಒಂದು ವಾದವಿದೆ. ಹಿಂದಿನ ದಂಡಸಂಹಿತೆಯಲ್ಲೂ, ೨೦೨೪ರ ಜುಲೈ ೧ರಿಂದ ಅದರ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆತ್ಮರಕ್ಷಣೆಯ ಹಕ್ಕನ್ನು ಒಪ್ಪಲಾಗಿದೆ. ಆದರೆ ಅದಕ್ಕೊಂದು ಮಿತಿ: ಸರ್ಕಾರದ ರಕ್ಷಣೆಯನ್ನು ಬೇಡಿ ಪಡೆಯಲು ಕಾಲಾವಕಾಶವಿದ್ದವನಿಗೆ ಆ ಹಕ್ಕಿಲ್ಲ. ನ್ಯಾಯವಾದ ಮಾತೇ. ಆದರೆ ಈ ಮಾತಿನ ತೂಕ ಎಲ್ಲ ಕಡೆಯೂ ಒಂದೇ ಅಲ್ಲ. ಮೈಸೂರಿನ ಬಡಾವಣೆಯಲ್ಲಿ ಪೊಲೀಸರನ್ನು ಕರೆಯಲು ಹತ್ತು ನಿಮಿಷವಿದ್ದರೆ ಸಾಕು. ಮಲೆಯ ಹಿಂದಣ ಪೋಡಿನಲ್ಲಿ, ರಾತ್ರಿ ಎರಡು ಗಂಟೆಗೆ, ಠಾಣೆ ಹತ್ತಾರು ಮೈಲಿ ದೂರವಿರುವಾಗ, ಕಾಲಾವಕಾಶವೆಂಬ ಮಾತಿಗೆ ಏನರ್ಥ? ಸರ್ಕಾರ ಎಷ್ಟು ದೂರವೋ ಕೋವಿಯ ಅವಶ್ಯಕತೆ ಅಷ್ಟು ಹತ್ತಿರ ಎಂಬುದು ಅವನ ವಾದದ ತಿರುಳು. ಇದನ್ನು ಕಾಡುಜನರ ಒರಟುತನವೆಂದು ತಳ್ಳಿಹಾಕಲಾಗದು.

ಇದೇ ವಾದ ಒಂದು ಕಾಲಕ್ಕೆ ಇಡೀ ದೇಶದ ವಾದವಾಗಿತ್ತು. ೧೮೭೮ರಲ್ಲಿ ಲಾರ್ಡ್ ಲಿಟ್ಟನ್ನನ ಕಾಲದಲ್ಲಿ ಬಂದ ಆಯುಧ ಕಾಯಿದೆ ಭಾರತೀಯನಿಗೆ ಲೈಸೆನ್ಸಿಲ್ಲದೆ ಆಯುಧವಿಲ್ಲವೆಂದಿತು. ಐರೋಪ್ಯರಿಗೆ ವಿನಾಯಿತಿ ಕೊಟ್ಟಿತು. ಆ ಕಾಯಿದೆಯ ಅನ್ಯಾಯ ನಿಯಂತ್ರಣದಲ್ಲಿರಲಿಲ್ಲ, ಭೇದದಲ್ಲಿತ್ತು. ಒಂದು ಜನಾಂಗವನ್ನು ಪೂರ್ತಿಯಾಗಿ ನಂಬಿ ಇನ್ನೊಂದನ್ನು ಪೂರ್ತಿಯಾಗಿ ಅನುಮಾನಿಸುವ ಭೇದ ಅದು. ಅಹಿಂಸೆಯನ್ನೇ ಬದುಕಾಗಿಸಿಕೊಂಡ ಗಾಂಧೀಜಿಯವರು ಕೂಡ, ಒಂದು ರಾಷ್ಟ್ರವನ್ನೇ ನಿರಾಯುಧಗೊಳಿಸಿದ್ದನ್ನು ಬ್ರಿಟಿಷ್ ಆಳ್ವಿಕೆಯ ಅತಿ ಕರಾಳ ಕೃತ್ಯಗಳಲ್ಲಿ ಎಣಿಸಿದರು. ಕೊಲ್ಲಲಾರದವನ ಅಹಿಂಸೆಗೆ ಬೆಲೆಯಿಲ್ಲ, ಕೊಲ್ಲಬಲ್ಲವನು ಕೊಲ್ಲದೆ ಇರುವುದೇ ಅಹಿಂಸೆ ಎಂಬ ಅವರ ನಿಲುವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ೧೯೩೧ರಲ್ಲಿ ಕರಾಚಿಯ ಕಾಂಗ್ರೆಸ್ಸು ಸ್ವತಂತ್ರ ಭಾರತದ ಮೂಲಭೂತ ಹಕ್ಕುಗಳನ್ನು ಪಟ್ಟಿ ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧವನ್ನಿಟ್ಟುಕೊಳ್ಳುವ ಹಕ್ಕನ್ನೂ ಅದರಲ್ಲಿ ಸೇರಿಸಿತು.

ಸ್ವಾತಂತ್ರ್ಯ ಬಂದ ಮೇಲೆ ಆ ಮಾತು ಏನಾಯಿತು? ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಎದ್ದುನಿಂತು, ಕರಾಚಿಯಲ್ಲಿ ಕೊಟ್ಟ ಮಾತನ್ನು ನೆನಪಿಸಿ, ಆ ಹಕ್ಕನ್ನು ಸಂವಿಧಾನದಲ್ಲಿ ಬರೆಯಬೇಕೆಂದು ಕೇಳಿದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಯಾರು ಬೇಕಾದರೂ ಅಂಗಡಿಗೆ ಹೋಗಿ ತಮಗೆ ಬೇಕಾದ ಆಯುಧ ಕೊಳ್ಳುವಂತಾದರೆ ರಾಜ್ಯಭಾರ ನಡೆಸುವುದು ಹೇಗೆಂಬುದು ಅವರ ಮೊದಲನೆಯ ಆಕ್ಷೇಪ. ಅದು ಎಲ್ಲರಿಗೂ ಹೊಳೆಯುವ ಮಾತು. ಅವರ ಎರಡನೆಯ ಮಾತು ಅಷ್ಟು ಸುಲಭವಾಗಿ ಹೊಳೆಯುವಂಥದಲ್ಲ. ಪ್ರಜೆಯ ವಿಷಯದಲ್ಲಿ ನಾವು ಒತ್ತಿ ಹೇಳಬೇಕಾದದ್ದು ಆಯುಧ ಹಿಡಿಯುವ ಹಕ್ಕನ್ನಲ್ಲ, ದೇಶಕ್ಕೆ ಅವಶ್ಯಕವಾದಾಗ ಆಯುಧ ಹಿಡಿಯಬೇಕಾದ ಕರ್ತವ್ಯವನ್ನು ಎಂದರು. ನಮ್ಮ ಸಂವಿಧಾನದ ೧೯ನೆಯ ವಿಧಿಯಲ್ಲಿ ಕೊನೆಗೆ ಉಳಿದದ್ದು ಶಾಂತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು. ೧೯೫೯ರ ಕಾಯಿದೆ ಬಂತು. ೧೯೬೨ರ ಅಕ್ಟೋಬರ್ ೧ರಿಂದ ಜಾರಿಯಾಯಿತು. ೨೦೧೯ರ ತಿದ್ದುಪಡಿ ಒಬ್ಬನಿಗೆ ಮೂರು ಬಂದೂಕೆಂಬ ಮಿತಿಯನ್ನು ಎರಡಕ್ಕಿಳಿಸಿ, ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೇರಿಸಿತು.

ಇಲ್ಲಿ ಯಾರಾದರೂ ಕೊಡಗಿನ ಉದಾಹರಣೆ ಎತ್ತಬಹುದು. ಎತ್ತಬೇಕಾದದ್ದೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿಯಿದೆ. ಕೇಂದ್ರ ಸರ್ಕಾರ ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ೨೦೨೧ರಲ್ಲಿ ಕರ್ನಾಟಕದ ಹೈಕೋರ್ಟು ತಳ್ಳಿಹಾಕಿತು. ಕೊಡಗಿನಲ್ಲಿ ಕೋವಿ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ವಸ್ತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ನೆರೆಯವರಿಗೆ ಸುದ್ದಿ ಮುಟ್ಟಿಸುವ ನಾಲಗೆ. ಅಲ್ಲಿ ಮನೆಮನೆಯಲ್ಲಿ ಕೋವಿಯಿದ್ದರೂ ನಾಡು ಕುರುಕ್ಷೇತ್ರವಾಗಿಲ್ಲವಲ್ಲ, ನಮಗೇಕೆ ಅಡ್ಡಿ ಎಂದು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ನನಗೆ ತೋರುವ ಉತ್ತರ ಇದು: ಅಲ್ಲಿ ಕೋವಿಯನ್ನು ಕಾಯುತ್ತಿರುವುದು ಬರಿಯ ಕಾಯಿದೆಯಲ್ಲ. ಹಿರಿಯರ ಕಣ್ಣು, ಮನೆತನದ ಮಾನ, ಹಬ್ಬದ ಕಟ್ಟಳೆ ಇವೆಲ್ಲ ಅದರ ಸುತ್ತ ಇವೆ. ಆಯುಧ ಒಬ್ಬನ ಕೈಯಲ್ಲಿದ್ದರೂ ಅದರ ಲೆಕ್ಕ ಹಲವರ ಬಳಿಯಲ್ಲಿದೆ. ಇಂಥ ಕಟ್ಟಳೆಯಿಲ್ಲದ ಕಡೆ ಕೋವಿಯನ್ನು ಮಾತ್ರ ತಂದರೆ ನಾಲಗೆ ಬರುವುದಿಲ್ಲ, ಸಿಡಿತ ಮಾತ್ರ ಬರುತ್ತದೆ.

ಏಕೆಂದರೆ ಮನೆಯಲ್ಲಿರುವ ಕೋವಿಗೆ ತನ್ನ ಯಜಮಾನನ ಉದ್ದೇಶ ಗೊತ್ತಿಲ್ಲ. ಹಂದಿಗೆಂದು ತಂದಿಟ್ಟದ್ದು ದಾಯಾದಿಯ ಜಗಳದ ದಿನವೂ ಅದೇ ಗೋಡೆಯ ಮೇಲಿರುತ್ತದೆ. ಕುಡಿದು ಬಂದ ರಾತ್ರಿಯೂ ಇರುತ್ತದೆ. ಸಾಲಗಾರ ಬಂದು ಬಾಗಿಲಲ್ಲಿ ಮಾನ ಕಳೆದು ಹೋದ ಸಂಜೆಯೂ ಇರುತ್ತದೆ. ಕೈಯಲ್ಲಿ ಕೋಲಿದ್ದವನ ಸಿಟ್ಟು ಇಳಿಯಲು ಅವಕಾಶವಿದೆ: ಮೊದಲ ಪೆಟ್ಟು ಬೀಳುವುದರೊಳಗೆ ಯಾರಾದರೂ ಬಂದು ಕೈಹಿಡಿಯಬಹುದು. ಕೋವಿಯ ಸಿಟ್ಟಿಗೆ ಅಷ್ಟು ವ್ಯವಧಾನವಿಲ್ಲ. ಕತ್ತಲಲ್ಲಿ ಪೊದೆ ಅಲುಗಿದ್ದು ಹಂದಿಯೋ ಪಕ್ಕದ ಹೊಲದ ಕಾವಲುಗಾರನೋ ಎಂಬುದು ಗುಂಡು ಹಾರಿದ ಮೇಲಷ್ಟೆ ತಿಳಿಯುವುದೂ ಉಂಟು.

ಕನ್ನಡ ಓದಿದವರಿಗೆ ಇಲ್ಲಿ ಜನ್ನನ ನೆನಪಾಗದೆ ಇರದು. ೧೨೦೯ರಲ್ಲಿ ಅವನು ಬರೆದ ‘ಯಶೋಧರ ಚರಿತೆ’ಯ ಕಥೆ ಎಲ್ಲರಿಗೂ ಗೊತ್ತು. ಜೀವಬಲಿ ಬೇಡವೆಂದ ಯಶೋಧರ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ. ಕೊಂದದ್ದು ಹಿಟ್ಟನ್ನು, ಆದರೆ ಕೊಲ್ಲುವ ಸಂಕಲ್ಪ ನಿಜವಾದದ್ದು. ಆ ಒಂದು ಸಂಕಲ್ಪಕ್ಕಾಗಿ ತಾಯಿಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮಗಳಲ್ಲಿ ತೊಳಲಿದರು. ಜೈನರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ: ಬೇಕೆಂದೇ ಮಾಡುವ ಸಂಕಲ್ಪದ ಹಿಂಸೆ, ಅಡುಗೆ ಮನೆಗೆಲಸಗಳಲ್ಲಿ ಆಗುವ ಹಿಂಸೆ, ಬೇಸಾಯ ಮೊದಲಾದ ಉದ್ಯೋಗದಲ್ಲಿ ಆಗುವ ಹಿಂಸೆ, ಮೇಲೆ ಬಿದ್ದವನನ್ನು ತಡೆಯುವಾಗ ಆಗುವ ಹಿಂಸೆ. ಗೃಹಸ್ಥನು ಮೊದಲನೆಯದನ್ನು ಪೂರ್ತಿಯಾಗಿ ಬಿಡಬೇಕು, ಉಳಿದವುಗಳಲ್ಲಿ ಎಚ್ಚರದಿಂದಿರಬೇಕು. ಬೆಳೆ ಕಾಯುವವನ ಕೋವಿ ಕೊನೆಯ ಎರಡಕ್ಕೆ ಸೇರಿದ್ದೆಂದು ಅವನು ಹೇಳಿದರೆ ಒಪ್ಪೋಣ. ಆದರೆ ಕೋವಿಯ ವಿಶೇಷವೆಂದರೆ ಅದು ನಾಲ್ಕು ಬಗೆಗಳ ನಡುವಿನ ಗೋಡೆಯನ್ನು ತೆಳ್ಳಗೆ ಮಾಡುತ್ತದೆ. ನೇಗಿಲಿನಿಂದ ಹುಳು ಸತ್ತರೆ ಅದು ನೇಗಿಲಿನ ಉದ್ದೇಶವಲ್ಲ. ಕೋವಿಯಾದರೋ ಕೊಲ್ಲುವುದಕ್ಕೆಂದೇ ಆದದ್ದು. ಗೋಡೆಗೆ ತೂಗಿಹಾಕಿದಾಗಲೂ ಅದರೊಳಗೆ ಸಂಕಲ್ಪದ ಮುಕ್ಕಾಲು ಪಾಲು ಸಿದ್ಧವಾಗಿಯೇ ಕುಳಿತಿರುತ್ತದೆ. ಇಟ್ಟುಕೊಂಡವನು ಉಳಿದ ಕಾಲನ್ನು ಎಂದೂ ಕೂಡಿಸದಂತೆ ಬದುಕಿಡೀ ಎಚ್ಚರವಿರಬೇಕು. ಲೈಸೆನ್ಸೆಂಬ ಕಾಗದದ ನಿಜವಾದ ಅರ್ಥ ಈ ಎಚ್ಚರ.

ಇಷ್ಟು ತತ್ವ ಹೇಳಿದ ಮೇಲೆ ಅನುಭವಕ್ಕೆ ಬರೋಣ. ಕೋವಿಯ ಮಾತು ಎತ್ತಿದರೆ ಹನೂರಿನ ಮಲೆಗಳಿಗೆ ನೆನಪಾಗುವುದು ಒಂದೇ ಹೆಸರು. ಈಗ ಹನೂರು ತಾಲ್ಲೂಕಿನಲ್ಲಿರುವ ಗೋಪಿನಾಥಂ ವೀರಪ್ಪನ್ನನ ಊರು. ಕಳ್ಳಬೇಟೆ, ಆನೆದಂತ, ಗಂಧದ ಮರಗಳಿಂದ ಆರಂಭವಾದದ್ದು ಎಲ್ಲಿಗೆ ಮುಟ್ಟಿತೆಂಬುದು ತಿಳಿದ ಕಥೆ. ೧೯೯೨ರ ಮೇ ತಿಂಗಳಲ್ಲಿ ಅವನ ತಂಡ ರಾಮಾಪುರದ ಪೊಲೀಸು ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದು ಆಯುಧಗಳನ್ನು ಹೊತ್ತುಕೊಂಡು ಹೋಯಿತು. ಕಾಯುವುದಕ್ಕೆಂದು ಸರ್ಕಾರ ಇಟ್ಟ ಬಂದೂಕು ಒಂದೇ ರಾತ್ರಿಯಲ್ಲಿ ಕೊಲ್ಲುವವನ ಬಂದೂಕಾಯಿತು. ಅದೇ ವರ್ಷ ಆಗಸ್ಟ್ ೧೪ರಂದು ಮೀಣ್ಯದ ಬಳಿ ಪೊಲೀಸು ವರಿಷ್ಠಾಧಿಕಾರಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಂಗಡಿಗರು ಹೊಂಚಿಗೆ ಬಲಿಯಾದರು. ೧೯೯೩ರ ಏಪ್ರಿಲ್ ೯ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು ೨೨ ಮಂದಿ ಸತ್ತರು. ೨೦೦೨ರ ಆಗಸ್ಟಿನಲ್ಲಿ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಮನೆಯಿಂದಲೇ ಹೊತ್ತೊಯ್ದರು. ಡಿಸೆಂಬರಿನಲ್ಲಿ ಸಿಕ್ಕಿದ್ದು ಅವರ ಶವ. ೨೦೦೪ರ ಅಕ್ಟೋಬರ್ ೧೮ರಂದು ವೀರಪ್ಪನ್ ಗುಂಡಿಗೆ ಬಲಿಯಾಗುವವರೆಗೂ ಈ ಸೀಮೆಯಲ್ಲಿ ನೆಮ್ಮದಿ ಇರಲಿಲ್ಲ.

ಆ ವರ್ಷಗಳಲ್ಲಿ ಮಲೆಯ ಹಳ್ಳಿಗನಿಗೆ ಎರಡು ಕೋವಿಗಳ ಭಯ. ಕಾಡಿನವನಿಗೆ ಅಕ್ಕಿ ಕೊಟ್ಟರೆ ಕಾರ್ಯಾಚರಣೆಯ ಪಡೆಯ ಅನುಮಾನ. ಪಡೆಗೆ ದಾರಿ ತೋರಿಸಿದರೆ ಕಾಡಿನವನ ಸೇಡು. ಪಡೆಯಿಂದ ಜನರ ಮೇಲೆ ನಡೆದ ದೌರ್ಜನ್ಯಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ೨೦೦೭ರಲ್ಲಿ ೮೯ ಮಂದಿಗೆ ಒಟ್ಟು ೨ ಕೋಟಿ ೮೦ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಕಾನೂನಿನ ಕೋವಿ ಯಾವಾಗಲೂ ಕಾಯುವ ಕೋವಿಯೇ ಎಂದು ನಂಬುವವರು ಈ ಸಂಖ್ಯೆಯನ್ನು ನೆನಪಿಡಬೇಕು. ನಾಗರಿಕನ ಕೈಯಿಂದ ಆಯುಧ ತೆಗೆದು ಸರ್ಕಾರದ ಕೈಗಿಟ್ಟ ಮಾತ್ರಕ್ಕೆ ಹಿಂಸೆ ಅಳಿಯುವುದಿಲ್ಲ. ಅದು ಜಾಗ ಬದಲಾಯಿಸುತ್ತದೆ. ಹೊಸ ಜಾಗದಲ್ಲಿಯೂ ಅದಕ್ಕೆ ಲೈಸೆನ್ಸು ಬೇಕು, ಲೆಕ್ಕ ಬೇಕು, ಪ್ರಶ್ನಿಸುವವರು ಬೇಕು.

ಇದೇ ಮಲೆಯಲ್ಲಿ ಇನ್ನೊಬ್ಬನ ಕಥೆಯೂ ಇದೆ. ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿ ಗೋಪಿನಾಥದ ಜನರ ನಡುವೆ ಇದ್ದು, ಅವರಿಗೆ ಔಷಧೋಪಚಾರದ ವ್ಯವಸ್ಥೆ ಮಾಡಿ, ಊರಿನ ಮಾರಿಯಮ್ಮನ ಗುಡಿ ಕಟ್ಟಿಸಿ, ತಪ್ಪು ದಾರಿ ಹಿಡಿದವರನ್ನು ಶರಣಾಗುವಂತೆ ಮನವೊಲಿಸಿದರು. ವೀರಪ್ಪನ್ನನೂ ಶರಣಾಗುತ್ತಾನೆಂಬ ಮಾತನ್ನು ನಂಬಿ ೧೯೯೧ರ ನವೆಂಬರ್ ೧೦ರಂದು ಆಯುಧವಿಲ್ಲದೆ ನಡೆದುಹೋದರು, ಕೊಲೆಯಾದರು. ಮರಣಾನಂತರ ಅವರಿಗೆ ಕೀರ್ತಿಚಕ್ರ ಬಂತು. ಕೋವಿಯ ಪರವಾದ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎಂದು ಕೇಳುವವರಿದ್ದಾರೆ: ನಿರಾಯುಧನಾಗಿ ಹೋದವನು ಉಳಿಯಲಿಲ್ಲ. ಸರಿ, ಆದರೆ ಒಂದು ವರ್ಷದೊಳಗೆ ಆಯುಧ ಹಿಡಿದು ಹೋದ ಹರಿಕೃಷ್ಣರೂ ಉಳಿಯಲಿಲ್ಲ. ಮೋಸದೆದುರು ಎರಡೂ ಸೋತವು. ಇಬ್ಬರೂ ಕರ್ತವ್ಯದಲ್ಲೇ ಪ್ರಾಣ ಕೊಟ್ಟವರು. ಅವರನ್ನು ತಕ್ಕಡಿಯಲ್ಲಿಟ್ಟು ತೂಗುವುದು ಸಲ್ಲದು. ಕೋವಿ ಪ್ರಾಣ ಉಳಿಸುತ್ತದೆಂಬ ಖಾತರಿ ಯಾರಿಗೂ ಇಲ್ಲವೆಂಬಷ್ಟನ್ನು ಮಾತ್ರ ಇಲ್ಲಿ ಹೇಳಬಹುದು. ಶ್ರೀನಿವಾಸರ ಹೆಸರು ಇಂದಿಗೂ ಆ ಊರಿನ ಗುಡಿಯ ಜೊತೆಗೆ ಉಳಿದಿದೆ. ಅವರು ಕೊಟ್ಟದ್ದು ಕಾವಲು. ಬಂದೂಕಿಲ್ಲದ ಕಾವಲೂ ಒಂದುಂಟು ಎಂದು ಆ ಜನ ಕಂಡರು.

ಈ ‘ಕಾವಲು’ ಎಂಬ ಮಾತಿನ ಮೇಲೆಯೇ ನನ್ನ ವಾದವೆಲ್ಲ ನಿಂತಿದೆ. ಕೋವಿಯನ್ನು ಬಿಗಿಯಾಗಿ ನಿಯಂತ್ರಿಸಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಿಯಂತ್ರಣವೆಂದರೆ ಸರ್ಕಾರ ಪ್ರಜೆಯಿಂದ ತೆಗೆದುಕೊಳ್ಳುವ ಸಾಲ. ಠಾಣೆಯಲ್ಲಿ ಕೋವಿಯನ್ನಿಟ್ಟುಕೊಂಡು ರಸೀತಿ ಕೊಡುತ್ತಾರಲ್ಲ, ಆ ರಸೀತಿಯ ಮೇಲೆ ಕೋವಿಯ ನಂಬರು ಮಾತ್ರವಲ್ಲ, ‘ಇದು ನಮ್ಮ ಬಳಿ ಇರುವಷ್ಟು ದಿನ ನಿನ್ನ ಹೊಲಕ್ಕೂ ಪ್ರಾಣಕ್ಕೂ ನಾವು ಹೊಣೆ’ ಎಂಬ ಒಕ್ಕಣೆಯೂ ಕಾಣದ ಅಕ್ಷರದಲ್ಲಿ ಇರಲೇಬೇಕು. ಲೈಸೆನ್ಸು ನಿರಾಕರಿಸಿದ ಪ್ರತಿಯೊಂದು ಕಾಗದದ ಮೇಲೂ ಇರಬೇಕು. ನಿನ್ನನ್ನು ನೀನು ಕಾಯಬೇಡ ಎಂದವನು ನಾನು ಕಾಯುತ್ತೇನೆ ಎನ್ನಲೇಬೇಕು. ಎರಡನೆಯ ಮಾತನ್ನು ನುಂಗಿ ಮೊದಲನೆಯದನ್ನು ಮಾತ್ರ ಹೇಳುವ ಕಾನೂನು ಅರ್ಧ ಕಾನೂನು.

ಸಾಲ ತೀರದಿದ್ದರೆ ಏನಾಗುತ್ತದೆಂಬುದನ್ನು ೨೦೨೫ರ ಜೂನ್ ೨೬ರಂದು ಈ ನಾಡು ಕಂಡಿತು. ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ, ಮೀಣ್ಯದ ಕಾಡಿನಲ್ಲಿ, ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಯಾವ ಕೋವಿಯೂ ಸಿಡಿಯಲಿಲ್ಲ, ಯಾವ ಲೈಸೆನ್ಸಿನ ಕಲಮೂ ಮುರಿಯಲಿಲ್ಲ. ಹುಲಿಯನ್ನೇರಿ ಮಲೆಗೆ ಬಂದ ಮಾದಪ್ಪನಿಗೆ ಹರಕೆ ಹೊತ್ತು ಜನ ನಡೆಯುವ ಕಾಡಿನಲ್ಲಿ ಇದಾಯಿತು. ಈ ಕೃತ್ಯವನ್ನು ಸಮರ್ಥಿಸುವುದಕ್ಕೆ ನನ್ನ ಬಳಿ ಮಾತಿಲ್ಲ, ಸಮರ್ಥಿಸಲೂ ಬಾರದು. ನಾಲ್ಕು ಮರಿಗಳು ಯಾರ ಹಸುವನ್ನೂ ಕೊಂದಿರಲಿಲ್ಲ. ಆದರೆ ಇದರಿಂದ ಕಲಿಯಬೇಕಾದದ್ದು ಒಂದಿದೆ. ಕೈಯಿಂದ ಆಯುಧ ತೆಗೆದರೂ ಎದೆಯಿಂದ ಸೇಡನ್ನು ತೆಗೆಯಲಾಗದು. ಅದು ಉರುಳಾಗಿ, ಸಿಡಿಮದ್ದಾಗಿ, ಬೇಲಿಗೆ ಹರಿಸಿದ ಕರೆಂಟಾಗಿ, ವಿಷವಾಗಿ ಹೊರಗೆ ಬರುತ್ತದೆ. ಕೋವಿ ಸದ್ದು ಮಾಡುತ್ತದೆ, ಯಾರು ಹೊಡೆದರೆಂದು ಊರಿಗೆ ತಿಳಿಯುತ್ತದೆ, ವಿಷಕ್ಕೆ ಸದ್ದಿಲ್ಲ. ಜನ್ನ ಹೇಳಿದ ಸಂಕಲ್ಪವನ್ನು ಹಿಡಿಯುವ ಕಾಯಿದೆಯನ್ನು ಯಾವ ಶಾಸನಸಭೆಯೂ ಬರೆಯಲಾರದು. ಆ ಸಂಕಲ್ಪ ಹುಟ್ಟದ ಹಾಗೆ ನೋಡಿಕೊಳ್ಳುವುದು ಮಾತ್ರ ಸಾಧ್ಯ.

ಅದು ಹೇಗೆ? ಉತ್ತರ ದೊಡ್ಡದೇನಲ್ಲ, ಆದರೆ ಶ್ರಮದ್ದು. ಹಸು ಸತ್ತ ಮನೆಗೆ ಅಧಿಕಾರಿ ಮರುದಿನವೇ ಹೋಗಬೇಕು. ಪರಿಹಾರದ ಹಣ ಸಿಟ್ಟು ಹಳತಾಗುವುದಕ್ಕೆ ಮೊದಲೇ ಮುಟ್ಟಬೇಕು. ಕಾಡಂಚಿನ ಕಂದಕವನ್ನು ತೋಡಿದ ವರ್ಷ ಮಾತ್ರವಲ್ಲ, ಮಣ್ಣು ಕುಸಿದು ಮುಚ್ಚಿಹೋದ ವರ್ಷವೂ ನೋಡಬೇಕು. ರಾತ್ರಿ ಕರೆದರೆ ಬರುವ ಕಾವಲುಗಾರರಿರಬೇಕು; ಅವರಿಗೆ ಸಂಬಳ ಕಾಲಕ್ಕೆ ಸರಿಯಾಗಿ ಸಿಕ್ಕಬೇಕು. ಇಷ್ಟಾದ ಮೇಲೂ ಕೋವಿ ಬೇಕೆನ್ನುವವನಿಗೆ ಕಾಯಿದೆಯೇ ಒಪ್ಪಿರುವ ಆ ಹಳೆಯ ಬಗೆಯ ಕೋವಿಯನ್ನು ಕೊಡುವುದಾದರೆ, ಅದರ ಲೆಕ್ಕ ಅವನೊಬ್ಬನದಾಗಿರದೆ ಊರಿನದಾಗಿರಲಿ. ಹೊಲ ಕಾಯುವ ದಿನಗಳಲ್ಲಿ ಅವನ ಬಳಿ ಇದ್ದು, ಕುಯ್ಲು ಮುಗಿದ ಮೇಲೆ ಬೀಗದೊಳಗೆ ಹೋಗಲಿ. ಪ್ರತಿಷ್ಠೆಗಾಗಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಳ್ಳುವ ಪೇಟೆಯ ಶ್ರೀಮಂತನ ಅರ್ಜಿಯನ್ನೂ, ಹಂದಿಯಿಂದ ರಾಗಿ ಉಳಿಸಿಕೊಳ್ಳಬೇಕಾದ ಬಡವನ ಅರ್ಜಿಯನ್ನೂ ಒಂದೇ ಕಣ್ಣಿನಿಂದ ನೋಡುವುದು ಸಮಾನತೆಯಲ್ಲ.

ಡಾ. ಅಂಬೇಡ್ಕರರು ಹೇಳಿದ ಕರ್ತವ್ಯದ ಮಾತನ್ನು ಇಲ್ಲಿ ಸ್ವಲ್ಪ ವಿಸ್ತರಿಸಿಕೊಳ್ಳಬಹುದು. ಆಯುಧದ ವಿಷಯದಲ್ಲಿ ಹಕ್ಕಿಗಿಂತ ಕರ್ತವ್ಯ ಮುಖ್ಯವೆಂಬುದು ನಿಜವಾದರೆ ಅದು ಕೋವಿ ಹಿಡಿದವನಿಗೆ ಎಷ್ಟು ಅನ್ವಯಿಸುತ್ತದೆಯೋ ಕೋವಿ ಬೇ‍ಡವೆಂದವರಿಗೂ ಅಷ್ಟೇ ಅನ್ವಯಿಸುತ್ತದೆ. ಕೋವಿಯಿಲ್ಲದ ಮನೆಯಲ್ಲಿ ನೆಮ್ಮದಿಯಾಗಿ ನಿದ್ರಿಸುವ ನಾವು, ಆ ನಿದ್ರೆಯ ಒಂದು ಪಾಲನ್ನು ಹನೂರಿನ ಅಟ್ಟಣೆಯ ಮೇಲೆ ಎಚ್ಚರವಿರುವವನಿಗೆ ಸಲ್ಲಿಸಬೇಕು. ಕಾಡು ಉಳಿಯಬೇಕೆಂದು ಪತ್ರಿಕೆಗೆ ಕಾಗದ ಬರೆಯುವವರು, ಹುಲಿಯ ಚಿತ್ರ ಕಂಡು ಸಂತೋಷಪಡುವವರು ನಾವು. ಹುಲಿಯ ಬಾಡಿಗೆ ಕೊಡುತ್ತಿರುವವನು ಅವನು. ಅವನ ತೆರಿಗೆಯಲ್ಲಿ ನಮ್ಮ ಪಾಲೆಷ್ಟು ಎಂದು ಒಮ್ಮೆ ಲೆಕ್ಕ ಹಾಕಿದರೆ, ಕೋವಿ ಬೇಕೋ ಬೇಡವೋ ಎಂಬ ಚರ್ಚೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಾನಾಗಿ ತಿಳಿಯುತ್ತದೆ.